ಗರುಡಪಾತಾಳದ ಒಂಬತ್ತು ಕುಂಡಗಳು

ತಲೆಯ ಮೇಲೆ ಏನೋ ಸರಿದ ಸದ್ದಾಯಿತು. ಸಿಮೆಂಟಿನ ಕುಂಡವನ್ನು ಯಾರೋ ಗೇಣುದ್ದ ಎಳೆದಂತೆ. ಆಮೇಲೆ ಸಣ್ಣಗೆ ಮಣ್ಣು ಕೆರೆಯುವ ಸದ್ದು. ಆಮೇಲೆ ಏನೂ ಇಲ್ಲ.

ಫೋನಿನಲ್ಲಿ ಎರಡೂವರೆ ತೋರಿಸುತ್ತಿತ್ತು. ಎದ್ದು ನೋಡುವ ಧೈರ್ಯ ಬರಲಿಲ್ಲ. ವಿಮಾನವೊಂದು ಇಳಿಯುತ್ತ ಕಿಟಕಿಯ ಗಾಜನ್ನು ನಡುಗಿಸಿ ಹೋಯಿತು. ಅದು ಹೋದ ಮೇಲೂ ಕಿವಿಗೊಟ್ಟು ಮಲಗಿಯೇ ಇದ್ದೆ.

ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕನೆಯ ಮಹಡಿಯೇ ಕಡೆಯದು. ನನ್ನ ಕೋಣೆಯ ಮೇಲೆ ಟೆರೇಸು. ಅಲ್ಲಿ ನೀರಿನ ಟಾಂಕಿಯ ನೆರಳಲ್ಲಿ ಒಂಬತ್ತು ಕುಂಡ, ಒಂಬತ್ತರಲ್ಲೂ ಗರುಡಪಾತಾಳದ ಗಿಡ. ಪೇಟೆಯವರು ಸರ್ಪಗಂಧ ಎನ್ನುತ್ತಾರೆ. ಟೆರೇಸಿನ ಬೀಗದ ಕೈ ನನಗೆ ತಿಳಿದಂತೆ ಇಬ್ಬರ ಹತ್ತಿರ ಇತ್ತು: ಸೊಸೈಟಿಯ ಸೆಕ್ರೆಟರಿ ಅನಿಕೇತ್, ಮತ್ತು ಗಿಡಗಳನ್ನು ನೋಡಿಕೊಳ್ಳುವ ಶ್ರೀಶೈಲ. ಅನಿಕೇತ್ ಆ ವಾರ ನಾಸಿಕ್‌ನಲ್ಲಿದ್ದರು.

ಶ್ರೀಶೈಲ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿ ಹನ್ನೊಂದು ದಿನವಾಗಿತ್ತು. ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

ಬೆಳಿಗ್ಗೆ ಮೆಸೇಜ್ ಕಳಿಸಿದೆ. ‘ರಾತ್ರಿ ಟೆರೇಸಿಗೆ ಬಂದಿದ್ದಿರಾ?’

‘ನಿಮ್ಮ ಕನಸಿನ್ಯಾಗ ಬಂದಿರಬೇಕು ನೋಡ್ರಿ ಸೇವಂತಿ’ ಎಂದು ಉತ್ತರ ಬಂತು.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

*

ಎರಡು ವರ್ಷದ ಹಿಂದೆ ಅವನನ್ನು ಮೊದಲು ನೋಡಿದ್ದು ಜಗಳಕ್ಕೆಂದು ಹೋಗಿ. ಕುಂಡದ ನೀರು ನಮ್ಮ ಸೀಲಿಂಗಿಗೆ ಇಳಿದು ಕಂದು ಕಲೆ ಬಿದ್ದಿತ್ತು. ಹೇಳಬೇಕಾದದ್ದನ್ನೆಲ್ಲ ಹಿಂದಿಯಲ್ಲಿ ಜೋಡಿಸಿಕೊಂಡು ಮೆಟ್ಟಿಲು ಹತ್ತಿದರೆ, ಮೊಣಕೈವರೆಗೆ ಮಣ್ಣಾದ ಒಬ್ಬ ಉದ್ದನೆಯ ಮನುಷ್ಯ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, “ಯವ್ವಾ, ಉಂಡ್ಯಾ?” ಎಂದು ಕೇಳುತ್ತಿದ್ದ. ನನ್ನ ಹಿಂದಿ ಅಲ್ಲೇ ನಿಂತಿತು.

“ನಿಮ್ಮ ಗಿಡದ ನೀರು ನಮ್ಮ ಮನೆಗೆ ಇಳೀತಾ ಉಂಟು” ಎಂದೆ. “ಇದು ಯಾರ ಜವಾಬ್ದಾರಿ?”

“ಜವಾಬ್ದಾರಿ ನಂದೇ ರೀ. ನೀರು ಮಾತ್ರ ನಿಮ್ಮ ಸೊಸೈಟೀದು.”

“ಇದೆಂತ ಗಿಡ?”

“ಹಾವು ಬರಬಾರ್ದಂತ ಹಚ್ಚಿಸ್ಯಾರ. ಮಳಿಗಾಲದಾಗ ಗೇಟಿನ ಹತ್ತಿರ ಕೇರೆಹಾವು ಬಂದಿತ್ತಂತ. ಸೆಕ್ರೆಟರಿ ಸಾಹೇಬ್ರು ವಾಟ್ಸಾಪಿನ್ಯಾಗ ಓದ್ಯಾರ, ಇದು ಇದ್ದಲ್ಲಿ ಹಾವು ಸುಳಿಯಂಗಿಲ್ಲಂತ.”

“ಹಾವು ಬಂದದ್ದು ಗೇಟಿಗೆ. ಗಿಡ ಇಟ್ಟದ್ದು ಟೆರೇಸಿಗೆ.”

“ಬಿಲ್ಡಿಂಗಿಗಿ ಲಿಫ್ಟ್ ಇಲ್ಲ ನೋಡ್ರಿ” ಎಂದ, ಮುಖ ಗಂಭೀರವಾಗಿಯೇ ಇಟ್ಟುಕೊಂಡು. “ನಾಕು ಮಜಲಿ ಹತ್ತೋದ್ರಾಗ ಹಾವು ತಾನೇ ಸುಸ್ತಾಗ್ತದ.”

ನಕ್ಕುಬಿಟ್ಟೆ. ಮುಂದಿನ ಭಾನುವಾರ ಅವನು ಒಂಬತ್ತು ಕುಂಡಗಳನ್ನೂ ಇಟ್ಟಿಗೆಯ ಮೇಲೆ ಎತ್ತಿಟ್ಟು, ಒಂದೊಂದರ ಕೆಳಗೂ ತಟ್ಟೆ ಇಟ್ಟ. ಸೀಲಿಂಗಿನ ಕಲೆ ಒಣಗಿತು. ಆದರೂ ಭಾನುವಾರ ನಾನು ಹತ್ತುವುದು ನಿಲ್ಲಲಿಲ್ಲ.

ಅವನು ಕಲಬುರಗಿ ಕಡೆಯವನು. ಕುರ್ಲಾದ ಚಾಳಿನಲ್ಲಿ ತಾಯಿ ಮಹಾದೇವಿಯ ಜೊತೆ ಇದ್ದ. ಆರು ಸೊಸೈಟಿಗಳ ಗಿಡ ಅವನ ಕೈಯಲ್ಲಿ. ಅವನ ಅಜ್ಜಿ ಗುರುಬಾಯಿ ಊರಲ್ಲಿ ಬೇರು, ತೊಗಟೆ ಕೊಡುತ್ತಿದ್ದ ಹೆಂಗಸು. ಗಿಡವನ್ನು ಮುಟ್ಟುವ ರೀತಿ ಅವಳಿಂದ ಬಂದದ್ದು. ಗರುಡಪಾತಾಳದ ಎಲೆ ಗಂಟಿಗೆ ಮೂರರಂತೆ ಸುತ್ತಲೂ ಬರುತ್ತದೆ. ಅವನು ಎರಡು ಬೆರಳಲ್ಲಿ ಒಂದೊಂದೇ ಎಲೆಯನ್ನು ಮಗುಚಿ ಅಡಿಭಾಗ ನೋಡುತ್ತಿದ್ದ. ನಾನು ಗಿಡ ನೋಡುವಂತೆ ಮಾಡಿ ಆ ಬೆರಳುಗಳನ್ನು ನೋಡುತ್ತಿದ್ದೆ.

“ನೀರು ಬೇಕು, ನಿಂತ ನೀರು ಬ್ಯಾಡ. ಬೆಳಕು ಬೇಕು, ನೆತ್ತಿ ಬಿಸಿಲು ಬ್ಯಾಡ” ಎನ್ನುತ್ತಿದ್ದ. “ಹತ್ತು ಬೀಜ ಹಾಕಿದ್ರ ಎರಡೂ ಹುಟ್ಟಂಗಿಲ್ಲ. ಇವು ಬೇರು ತುಂಡು ನೆಟ್ಟು ಮಾಡಿದವು.”

“ಭಾರೀ ಕೊಂಗಾಟ ಇದಕ್ಕೆ.”

“ಕೊಂಗಾಟ ಅಂದ್ರ?”

“ಮುದ್ದು. ಎಲ್ಲರೂ ತನ್ನನ್ನೇ ನೋಡಬೇಕೂಂತ.”

ಅವನು ತಲೆಯೆತ್ತಲಿಲ್ಲ. “ಹಂಗಾದ್ರ ನನಗೂ ಅದೇ ರೋಗ ಅದ” ಎಂದ. ಕಿವಿ ಮಾತ್ರ ಕೆಂಪಾಗಿತ್ತು.

ಮಳೆಗಾಲದಲ್ಲಿ ಗಿಡಗಳು ಹೂ ಬಿಟ್ಟವು. ಕೆಂಪು ತೊಟ್ಟಿನ ಸಣ್ಣ ಬಿಳಿ ಹೂ, ಗೊಂಚಲು ಗೊಂಚಲು. ಒಂದನ್ನು ಕೀಳಲು ಕೈ ಚಾಚಿದಾಗ ಅವನು ಮಣಿಕಟ್ಟು ಹಿಡಿದು ತಡೆದ. “ಇದು ಮುಡಿಯೋದಲ್ರಿ. ಮದ್ದಿನ ಗಿಡ. ಬೇರಿನ್ಯಾಗ ರಕ್ತದ ಒತ್ತಡ ಇಳಿಸೋ ಶಕ್ತಿ ಅದ. ಜಾಸ್ತಿ ಇಳಿದ್ರ ಎದೀನೂ ನಿಧಾನ ಆಗ್ತದ.” ತಡೆದದ್ದಾದ ಮೇಲೂ ಕೈ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

*

ಬಾಂದ್ರಾದ ಆಫೀಸಿನಲ್ಲಿ ನನ್ನ ಕೆಲಸ ಔಷಧಿ ಪೆಟ್ಟಿಗೆಯೊಳಗಿನ ಮಡಚಿದ ಚೀಟಿಗಳ ಪ್ರೂಫ್ ನೋಡುವುದು. ಒಂದು ಚುಕ್ಕೆ ಜಾರಿದರೆ ಯಾರದೋ ಜೀವಕ್ಕೆ ಬಂದೀತು ಎಂಬ ಹೆದರಿಕೆಯಲ್ಲೇ ಹತ್ತು ವರ್ಷ ಕಳೆದಿದ್ದೇನೆ. ಅಂಥ ನಾನು ದೀಪಾವಳಿಗೆ ಮೊದಲು ಶ್ರೀಶೈಲನಿಗೆ ಹೇಳಿದ ಒಂದು ಮಾತನ್ನು ಎರಡನೆಯ ಸಲ ಓದಿ ನೋಡಲಿಲ್ಲ.

“ಅಪ್ಪ ಇರುವವರೆಗೆ ನಾನು ಎಲ್ಲಿಗೂ ಬರಲಾರೆ” ಎಂದಿದ್ದೆ.

ನನ್ನಪ್ಪ ಚೆನ್ನಯ. ಮೂವತ್ತೆಂಟು ವರ್ಷ ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತವರು. ಅಮ್ಮ ಹೋದ ಮೇಲೆ ನನಗೆ ಅವರು, ಅವರಿಗೆ ನಾನು. ನನ್ನ ಇಪ್ಪತ್ತೆರಡಕ್ಕೆ ಮುಲ್ಕಿಯಿಂದ ಒಂದು ಸಂಬಂಧ ಬಂದಿತ್ತು. ಊರಿಗೆ ಹೊರಡುವ ಹಿಂದಿನ ದಿನ ಅಪ್ಪನಿಗೆ ಎದೆನೋವು. ಕಾಪುವಿನ ಇನ್ನೊಂದು ಬಂದಾಗ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಆಮೇಲೆ ನನಗೂ ಮೂವತ್ತನಾಲ್ಕಾಯಿತು.

ಶ್ರೀಶೈಲ ನನ್ನ ಮಾತು ಕೇಳಿ ಕುಂಡಗಳಿಗೆ ನೀರು ಹಾಕಿ ಹೋದ. ಒಂದು ತಿಂಗಳ ಮೇಲೆ ಬಂದು, “ಕಾಕಾ ನಮ್ಮ ಸಂಗಡನೇ ಇರ್ಲಿ. ನಾನೇ ನಿಮ್ಮ ಮನಿಗಿ ಬರ್ತೀನಿ. ಈಗ ಹೇಳ್ರಿ” ಎಂದ.

ಆದರೆ ಅಷ್ಟರಲ್ಲಿ ಅಪ್ಪ ಬದಲಾಗತೊಡಗಿದ್ದರು. ಮೊದಲು ಮೂಗು ಕಟ್ಟಿತು. ನೆಗಡಿಯಿಲ್ಲ, ಜ್ವರವಿಲ್ಲ, ಮೂಗು ಮಾತ್ರ ಕಟ್ಟಿಯೇ ಇತ್ತು. ಹಗಲಲ್ಲಿ ಕುಳಿತಲ್ಲೇ ತೂಕಡಿಕೆ. ಬೆಳಿಗ್ಗೆ ಚಹಾ ಕೊಟ್ಟರೆ ಲೋಟ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು. “ಎಂತ ಅಪ್ಪಾ?” ಎಂದರೆ, “ಎಂತದೂ ಇಲ್ಲ ಮಗಾ. ಇನ್ನು ಎಷ್ಟು ದಿನ ಅಂತ” ಎನ್ನುತ್ತಿದ್ದರು.

ರಾತ್ರಿಯ ಆ ಸದ್ದಿನ ನಂತರದ ಭಾನುವಾರ ನಾನು ಟೆರೇಸಿಗೆ ಹೋದಾಗ ಶ್ರೀಶೈಲ ಐದನೆಯ ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಗಿಡ ಬಾಡಿತ್ತು. ಮಣ್ಣು ಒಂದು ಬದಿಗೆ ಗುಡ್ಡೆಯಾಗಿತ್ತು.

“ಏನಾಯ್ತು ಇದಕ್ಕೆ?”

“ಇಲಿ ಇರಬೇಕ್ರಿ” ಎಂದ. ನನ್ನತ್ತ ನೋಡದೆ ಮಣ್ಣು ತಟ್ಟಿದ.

ಎರಡು ವರ್ಷದಲ್ಲಿ ಅವನು ನನ್ನ ಮುಖ ನೋಡದೆ ಮಾತಾಡಿದ್ದು ಅದೇ ಮೊದಲು.

*

ಬುಧವಾರ ಬೆಳಿಗ್ಗೆ ಅಪ್ಪ ಎದ್ದು ನಿಲ್ಲಲಾರದೆ ಕುಸಿದರು. ಆಸ್ಪತ್ರೆಯಲ್ಲಿ ನಾಡಿ ಮೂವತ್ತೆಂಟು. ಚಿಕ್ಕ ವಯಸ್ಸಿನ ಡಾಕ್ಟರು ಪರದೆ ಸರಿಸಿ ಹೊರಬಂದು, “ಘರ್ ಮೇ ಕೋಯೀ ಜಡೀಬೂಟಿ ತೋ ನಹೀಂ ದೇತೇ ಇನ್‌ಕೋ?” ಎಂದು ಕೇಳಿದರು.

ಜಡೀಬೂಟಿ. ಮನೆಯಲ್ಲಿ ಕೊಡುವ ಗಿಡಮೂಲಿಕೆ.

ಐದಾರು ವರ್ಷದ ಹಿಂದೆ ನಾನೇ ಪ್ರೂಫ್ ನೋಡಿದ್ದ ಒಂದು ಚೀಟಿ ಕಣ್ಣ ಮುಂದೆ ಬಂತು. ಅದೇ ಬೇರಿನ ಸತ್ವದಿಂದ ಮಾಡಿದ ಮಾತ್ರೆ. ಅಡ್ಡಪರಿಣಾಮಗಳು: ಮೂಗು ಕಟ್ಟುವುದು, ತೂಕಡಿಕೆ, ನಾಡಿ ನಿಧಾನವಾಗುವುದು, ಖಿನ್ನತೆ. ‘ಖಿನ್ನತೆ’ಯ ಒತ್ತಕ್ಷರ ತಪ್ಪಾಗಿ ಬಿದ್ದಿತ್ತು, ನಾನೇ ತಿದ್ದಿದ್ದೆ.

‘ಅಪ್ಪ ಇರುವವರೆಗೆ’ ಎಂದೂ ನಾನೇ ಹೇಳಿದ್ದೆ.

ಶ್ರೀಶೈಲ ಓಡಿಬಂದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದೆ. ಸುತ್ತಿ ಬಳಸಲಿಲ್ಲ. “ನೀವು ನನ್ನಪ್ಪನಿಗೆ ಆ ಬೇರು ಕೊಟ್ಟಿದ್ದೀರಾ?”

ಅವನ ಮುಖದ ಬಣ್ಣ ಇಳಿಯಿತು. “ಕೊಟ್ಟೀನಿ” ಎಂದ.

“ಎಷ್ಟು ಸಲ?” ಎಂದೆ.

“ಒಂದೇ ಸಲ ರೀ. ದೀಪಾವಳಿ ಆದ ಮ್ಯಾಲ. ಎರಡು ಬೆರಳ ಗಂಟಿನಷ್ಟು. ಕಾಕಾ ತಾವೇ ಕೇಳಿದ್ರು.”

“ಯಾಕೇಂತ ನೀವು ಕೇಳಲಿಲ್ಲವಾ?”

“ಬೇರು ಬೇಡಿದವ್ರಿಗಿ ಯಾಕ ಅಂತ ಕೇಳಬಾರದು. ಕೊಟ್ಟಿದ್ದು ಮೂರನೇ ಕಿವಿಗಿ ಬೀಳಬಾರದು. ನಮ್ಮನ್ಯಾಗ ಅದು ಅಜ್ಜೀ ಕಾಲದ ನೇಮ. ನಿದ್ದಿ ಬರವಲ್ದು ಏನೋ ಅಂದ್ಕೊಂಡೆ. ಹ್ಯಾಂಗ ಅಗೀಬೇಕು ಅಂತನೂ ಕೇಳಿದ್ರು, ಹೇಳ್ದೆ. ಕಬ್ಬಿಣ ಮುಟ್ಟಿಸಬಾರದು, ಹೊತ್ತು ಹುಟ್ಟೋದ್ರಾಗ ತೆಗೀಬೇಕು, ಯಾರೂ ನೋಡಬಾರದು. ಸುಮ್ನ ಮಾತಿಗಿ ಕೇಳ್ತಾರ ಅಂತ ತಿಳ್ದೆ.”

“ಇಲಿ ಅಂದಿರಿ. ನನ್ನ ಮುಖ ನೋಡಲಿಲ್ಲ.”

“ಇಲಿ ಅಂತನೇ ತಿಳ್ದಿದ್ದೆ. ಮುಖ ನೋಡಿದ್ರ ಮದುವಿ ಮಾತು ಕೇಳಬೇಕಾಗ್ತಿತ್ತು. ಒಲ್ಲೆ ಅಂತೀರೇನೋ ಅಂತ ಹೆದರಿಕಿ.”

ನಂಬಬೇಕೆಂದು ಎಷ್ಟು ಆಸೆಯಿತ್ತೆಂದರೆ, ಆ ಆಸೆಗೇ ನನಗೆ ಭಯವಾಯಿತು. “ಇನ್ನು ಮೇಲೆ ಬರಬೇಡಿ” ಎಂದೆ.

ಅವನು ಹೋಗಲಿಲ್ಲ. ಸೀದಾ ಡಾಕ್ಟರ ಹತ್ತಿರ ಹೋಗಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ತಾನು ಕೊಟ್ಟದ್ದನ್ನೆಲ್ಲ ಹೇಳಿದ. ಬೆರಳು ತೋರಿಸಿ ಅಳತೆ ಹೇಳಿದ. ಬೇಕಿದ್ದರೆ ಪೊಲೀಸರನ್ನು ಕರೆಸಿ ಎಂದ. ಆಮೇಲೆ ನನ್ನ ಮುಂದೆಯೇ ಹಾದು, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದ.

ಡಾಕ್ಟರು ನನ್ನನ್ನು ಕರೆದು, ಒಂದು ಸಲದ ಅಷ್ಟು ಬೇರಿನಿಂದ ಒಂದೂವರೆ ತಿಂಗಳು ಹೀಗಾಗುವುದಿಲ್ಲ, ಇವರು ದಿನಾ ಏನೋ ತಿನ್ನುತ್ತಿದ್ದರು ಎಂದರು. ಬಿಪಿ ಮಾತ್ರೆಯ ಮೇಲೆ ಅದೂ ಸೇರಿದೆ.

ದಿನಾ. ಹಾಗಾದರೆ ಶ್ರೀಶೈಲ ಹೇಳಿದ್ದು ಅರ್ಧ ಸತ್ಯವೇ? ಅಥವಾ ಬೇರೆ ಯಾರೋ?

*

ಅಪ್ಪ ಆರು ದಿನಕ್ಕೆ ಮನೆಗೆ ಬಂದರು. ನಾನು ರಜೆ ಹಾಕಿ ಅವರ ನಾಡಿ ಎಣಿಸುತ್ತ ಕುಳಿತೆ. ಊಟ ನಾನೇ ಮಾಡಿದೆ, ಮಾತ್ರೆ ನಾನೇ ಕೊಟ್ಟೆ. ಮೂಗು ಬಿಟ್ಟಿತು. ನಾಡಿ ಅರವತ್ತೆರಡಕ್ಕೆ ಬಂತು. ಎಂಟನೆಯ ದಿನ ಅವರೇ ಕೂತು ನೀರುದೋಸೆ ಎರೆದರು.

ಒಂಬತ್ತನೆಯ ದಿನ ತಡೆಯಲಾರದೆ ಶ್ರೀಶೈಲನಿಗೆ ಫೋನು ಮಾಡಿದೆ. ಆ ಕಡೆ ಕುರ್ಲಾ ಸ್ಟೇಷನ್ನಿನ ಅನೌನ್ಸ್‌ಮೆಂಟು ಕೇಳುತ್ತಿತ್ತು.

“ಕಾಕಾ ಹ್ಯಾಂಗಿದ್ದಾರ್ರಿ?”

“ದೋಸೆ ಎರೆದರು.”

“ಎಷ್ಟು ತಿಂದ್ರಿ?”

“ಐದು.”

“ನನ್ನ ಪಾಲಿಂದೂ ತಿಂದೀರಿ ಅಂದಂಗಾಯ್ತು” ಎಂದ. “ಊರಿಗಿ ಹೋಗ್ಬೇಕಂತ ಮಾಡೀನಿ ಸೇವಂತಿ. ಗಿಡ ಮುಟ್ಟಿದ್ರ ಕೈ ನಡುಗ್ತದ. ನನ್ನ ಕೈಯಿಂದ ಕಾಕಾಗ ಹಂಗಾಯ್ತು ಅಂತ.”

“ಹೋಗಬೇಡಿ” ಎಂದೆ. ಅಷ್ಟು ಮೆಲ್ಲಗೆ ಹೇಳಿದ್ದರೂ, ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಖಾಲಿ ಲೋಟವಿತ್ತು. “ನೀರು ಬೇಕಿತ್ತು” ಎಂದರು.

ಅದೇ ರಾತ್ರಿ ಮತ್ತೆ ತಲೆಯ ಮೇಲೆ ಕುಂಡ ಸರಿಯಿತು.

ಈ ಸಲ ಎದ್ದೆ. ಹಾಲಿನಲ್ಲಿ ಅಪ್ಪನ ಹಾಸಿಗೆ ಖಾಲಿಯಿತ್ತು. ಹೊರಬಾಗಿಲು ಒರಗಿಸಿತ್ತು. ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ. ಟೆರೇಸಿನ ಬೀಗದಲ್ಲಿ ಕೆಂಪು ದಾರ ಕಟ್ಟಿದ ಹಳೆಯ ಕೀ ನೇತಾಡುತ್ತಿತ್ತು. ಅಮ್ಮ ಸಂಡಿಗೆ ಒಣಗಿಸುತ್ತಿದ್ದ ಕಾಲದ್ದು. ಕಳೆದುಹೋಗಿದೆ ಎಂದೇ ತಿಳಿದಿದ್ದೆ.

ಅಪ್ಪ ಏಳನೆಯ ಕುಂಡದ ಪಕ್ಕ ಕುಳಿತು ತೆಂಗಿನ ಗೆರಟೆಯಿಂದ ಮಣ್ಣು ಕೆರೆಯುತ್ತಿದ್ದರು. ಗಿಡಕ್ಕೆ ನೋವಾಗಬಾರದೆಂಬಂತೆ ಎಡಗೈಯಲ್ಲಿ ಕಾಂಡವನ್ನು ಹಿಡಿದಿದ್ದರು.

“ಅಪ್ಪಾ.”

ಅವರು ಬೆಚ್ಚಲಿಲ್ಲ. “ಬಾಗಿಲು ಹಾಕಿ ಬಂದ್ಯಾ ಮಗಾ?”

“ಹಾಕಿದೆ.”

“ಇಲ್ಲದಿದ್ರೆ ಬೆಕ್ಕು ಒಳಗೆ ಹೋಗ್ತದೆ.”

ಹತ್ತಿರ ಹೋಗಿ ಕುಳಿತೆ. ಅವರ ಅಂಗೈಯಲ್ಲಿ ಬೆರಳುದ್ದದ ಬೇರು, ಮಣ್ಣು ಮೆತ್ತಿಕೊಂಡು.

“ಸಾಯಬೇಕೂಂತ ಇತ್ತಾ?”

“ಛೆ. ಸಾಯಲಿಕ್ಕೆ ಯಾರಿಗೆ ಮನಸ್ಸುಂಟು?” ಎಂದರು. ಗೆರಟೆಯನ್ನು ಮಗುಚಿ ಇಟ್ಟರು. “ಸ್ವಲ್ಪ ಹುಷಾರಿಲ್ಲದೆ ಇದ್ರೆ ಸಾಕಿತ್ತು. ದಿನಾ ಉಗುರಿನಷ್ಟು ತಿಂದೆ.”

“ಮುಲ್ಕಿಯ ಸಂಬಂಧ ಬಂದಾಗ ಎದೆನೋವು?”

ದೂರದಲ್ಲಿ ವಿಮಾನದ ದೀಪವೊಂದು ಇಳಿಯುತ್ತಿತ್ತು. ಅದು ಕಟ್ಟಡಗಳ ಹಿಂದೆ ಮರೆಯಾದ ಮೇಲೆ, “ಬಾತ್‌ರೂಮಿನದ್ದು ಮಾತ್ರ ನಿಜವಾಗಿ ಜಾರಿದ್ದು” ಎಂದರು.

ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಹನ್ನೆರಡು ವರ್ಷ ಆ ಎದೆಯ ಮೇಲೆ ಕಿವಿಯಿಟ್ಟು ನಾನು ಕೇಳಿದ್ದೆಲ್ಲ ಏನು? ಆದರೆ ಎದುರಿಗಿದ್ದದ್ದು ಮುದಿ ಕೈ. ಕಾವಲಿಯ ಬಿಸಿಗೆ ಬೆರಳ ತುದಿ ನುಣುಪಾದ ಕೈ. ನಾನು ಬೇರನ್ನು ತೆಗೆದುಕೊಂಡೆ. ಅವರು ಬಿಟ್ಟುಕೊಟ್ಟರು.

“ಸೋಮವಾರ ಬಾಂದ್ರಾದ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನೋಟಿಸ್ ಕೊಡ್ತೇವೆ” ಎಂದೆ. “ಮದುವೆ ದಿನ ಸಾಕ್ಷಿಗೆ ನೀವು ಬರಬೇಕು. ಹುಷಾರಾಗಿ ಬರಬೇಕು. ಹುಷಾರಿಲ್ಲದಿದ್ದರೂ ಮದುವೆ ನಿಲ್ಲುವುದಿಲ್ಲ.”

“ನಾನು ಎಲ್ಲಿರ್ಲಿ?”

“ಎಲ್ಲಿ ಇದ್ದೀರೋ ಅಲ್ಲೇ. ಅವರು ಇಲ್ಲಿಗೆ ಬರ್ತಾರೆ. ಬೆಳಿಗ್ಗೆ ದೋಸೆ ನೀವೇ ಎರೀಬೇಕು, ಅವರಿಗೆ ಬರುವುದು ರೊಟ್ಟಿ ಮಾತ್ರ.”

ಅಪ್ಪ ಬಹಳ ಹೊತ್ತು ಮಣ್ಣು ಸಮ ಮಾಡಿದರು. ಆಮೇಲೆ ನನ್ನ ಭುಜ ಹಿಡಿದುಕೊಂಡು ಎದ್ದರು. ಮೆಟ್ಟಿಲ ತಿರುವಿನಲ್ಲಿ ನಿಂತು, ಬೆನ್ನು ಹಾಕಿಯೇ ಕೇಳಿದರು. “ಆ ಹುಡುಗನಿಗೆ ಹೇಳ್ತಿಯಾ?”

ನಾನು ಬೀಗ ಹಾಕಿ ಕೀಯನ್ನು ನನ್ನ ಪರ್ಸಿಗೆ ಸೇರಿಸಿದೆ.

*

ಒಪ್ಪಿಗೆ ಎಂದು ಮೆಸೇಜ್ ಕಳಿಸಿದ್ದೆ; ಭಾನುವಾರ ಶ್ರೀಶೈಲ ಬಂದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಮೊದಲಿನಂತೆ ಗಿಡಗಳ ಹತ್ತಿರ ಹೋಗದೆ ಟಾಂಕಿಯ ಪಕ್ಕ ದೂರದಲ್ಲೇ ನಿಂತ.

“ಕುಂಡ ಎಲ್ಲ ಒಯ್ದುಬಿಡ್ತೀನ್ರಿ. ಸೆಕ್ರೆಟರಿಗಿ ಹೇಳೀನಿ, ಹಾವಿಗಿ ತುಳಸಿ ಸಾಕು ಅಂತ.”

“ಒಪ್ಪಿದರಾ?”

“ವಾಟ್ಸಾಪಿನ್ಯಾಗ ನೋಡಿ ಹೇಳ್ತೀನಿ ಅಂದ್ರು.”

ಇಬ್ಬರೂ ನಕ್ಕೆವು, ನಗು ಬೇಗ ಮುಗಿಯಿತು. ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ, “ನಾ ಕೊಡಬಾರದಿತ್ತು. ಈ ಕೈಲೇ ಕೊಟ್ಟೆ. ಇದೇ ಕೈ ನಿಮ್ಮ ಕೈ ಹ್ಯಾಂಗ ಹಿಡೀಬೇಕು?” ಎಂದ.

ನಿಜ ಹೇಳಿದರೆ ಆ ಕೈ ಅಲ್ಲೇ ಹಗುರಾಗುತ್ತಿತ್ತು. ಆದರೆ ಇನ್ನು ಮುಂದೆ ದಿನಾ ಅವನು ನನ್ನಪ್ಪ ಎರೆದ ದೋಸೆ ತಿನ್ನಬೇಕು. ಅಪ್ಪ ಅವನ ಮುಂದೆ ತಲೆಯೆತ್ತಿ ಕೂರಬೇಕು. ಅಪ್ಪ ಒಂದು ಸಲ ಕೆಮ್ಮಿದರೂ ಇವನು ನನ್ನ ಕಡೆ ನೋಡುವಂತಾಗಬಾರದು.

“ನೀವು ಕೊಟ್ಟದ್ದನ್ನು ಅಪ್ಪ ತಿಂದೇ ಇರಲಿಲ್ಲ” ಎಂದೆ. “ಮರೆತು ಬಿಪಿ ಮಾತ್ರೆ ಎರಡೆರಡು ಸಲ ತಗೊಳ್ತಿದ್ದರು. ಉಳಿದ ಮಾತ್ರೆ ಎಣಿಸಿದಾಗ ಗೊತ್ತಾಯ್ತು. ನಿಮ್ಮ ಬೇರು ಅವರ ಅಂಗಿಯ ಜೇಬಲ್ಲಿ ಸಿಕ್ಕಿತು. ನೋಡಿ.”

ಅಪ್ಪನ ಕೈಯಿಂದ ತೆಗೆದುಕೊಂಡ ಬೇರನ್ನು ಎರಡು ಬೆರಳ ಗಂಟಿನಷ್ಟು ಉದ್ದಕ್ಕೆ ಮುರಿದು, ನಾಲ್ಕು ದಿನ ಅಡುಗೆಮನೆಯ ಕಿಟಕಿಯಲ್ಲಿ ಒಣಗಿಸಿದ್ದೆ. ಅದನ್ನು ಅವನ ಅಂಗೈಯಲ್ಲಿಟ್ಟೆ.

ಅವನು ಅದನ್ನು ಬೆಳಕಿಗೆ ಹಿಡಿದ. ಹೊರಳಿಸಿದ. ಹೆಬ್ಬೆರಳ ಉಗುರಿನಿಂದ ತೊಗಟೆಯನ್ನು ಒಂದಿಷ್ಟೇ ಕೆರೆದು ಮೂಗಿನ ಹತ್ತಿರ ತಂದ. ಎರಡು ತಿಂಗಳ ಬೇರಿಗೂ ನಾಲ್ಕು ದಿನದ ಬೇರಿಗೂ ವ್ಯತ್ಯಾಸ ಗೊತ್ತಿಲ್ಲದ ಮನುಷ್ಯನಲ್ಲ ಅವನು. ನಾನು ಅವನ ಉಗುರನ್ನೇ ನೋಡುತ್ತಿದ್ದೆ.

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ತುಂಬ ಹೊತ್ತು ನೋಡಿದ.

“ಹೌದ್ರಿ” ಎಂದ. “ಇದೇ.”

ಬೇರನ್ನು ಜೇಬಿಗೆ ಹಾಕಿಕೊಂಡು, ಕೈಯನ್ನು ಅಂಗಿಗೆ ಒರೆಸಿ, ನನ್ನತ್ತ ಚಾಚಿದ. ನಾನು ಹಿಡಿದೆ. ಬಿಸಿಯಾಗಿತ್ತು, ಒರಟಾಗಿತ್ತು, ನನ್ನದಾಗಿತ್ತು. ಅವನು ನಿಜವಾಗಿ ನಂಬಿದನೋ, ನನಗೋಸ್ಕರ ನಂಬಿದನೋ ಕೇಳಲಿಲ್ಲ. ಕೆಳಗಿನಿಂದ ಕಾವಲಿಗೆ ಹಿಟ್ಟು ಬಿದ್ದ ಸದ್ದು, ಆಮೇಲೆ ಅಪ್ಪನ ಕೂಗು ಕೇಳಿತು: “ಬಿಸಿಬಿಸಿ ಇರುವಾಗ ಬನ್ನಿ ಇಬ್ಬರೂ.”

ಅವನ ಕೈ ಬಿಡದೆ ಹಿಂದೆ ಮೆಟ್ಟಿಲಿಳಿಯುವಾಗ ನಿಶ್ಚಯಿಸಿದೆ: ಆ ರಾತ್ರಿ ಏಳನೆಯ ಕುಂಡದ ಹತ್ತಿರ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ. ಈ ಕೈಗೂ ಹೇಳುವುದಿಲ್ಲ.